ಅರ್ಧಾಣೆಯ ಗ್ರಂಥಭಂಡಾರ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಸಾರ್ವಜನಿಕ ಗ್ರಂಥಾಲಯಗಳು ಕೇವಲ ದಾನಿಗಳ ಔದಾರ್ಯದಿಂದ ಬೆಳೆದವುಗಳಲ್ಲ. ಮನೆತೆರಿಗೆ ಕಟ್ಟುವ ಪ್ರತಿಯೊಬ್ಬ ಗೃಹಸ್ಥನ ಪಾಲೂ ಅವುಗಳಲ್ಲಿ ಸೇರಿದೆ. ಆ ಗೃಹಸ್ಥರಲ್ಲಿ ಕನ್ನಡದ ಮನೆಗಳವರೂ ಇದ್ದಾರೆಂಬುದನ್ನು ನಾವು ಮರೆಯಲಾಗದು.

ಈ ವ್ಯವಸ್ಥೆಯ ಹಿಂದೆ ಇಬ್ಬರು ಮಹನೀಯರಿದ್ದಾರೆ. ಮೊದಲನೆಯವರು 1892ರಲ್ಲಿ ಜನಿಸಿದ ಎಸ್. ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದ ಇವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಪುಸ್ತಕವಿರುವುದು ಬೀಗ ಹಾಕಿಡಲಿಕ್ಕಲ್ಲ, ಬಳಸಲಿಕ್ಕೆ. ಪ್ರತಿ ಓದುಗನಿಗೂ ಅವನಿಗೆ ತಕ್ಕ ಪುಸ್ತಕ ದೊರೆಯಬೇಕು, ಪ್ರತಿ ಪುಸ್ತಕಕ್ಕೂ ಓದುಗ ದೊರೆಯಬೇಕು ಎಂಬ ತತ್ತ್ವವನ್ನು 1931ರಲ್ಲಿ ಗ್ರಂಥರೂಪದಲ್ಲಿ ಮಂಡಿಸಿದರು. ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1972ರಲ್ಲಿ ಅಲ್ಲಿಯೇ ನಿಧನರಾದರು.

ಎರಡನೆಯವರು 1903ರಲ್ಲಿ ತಿರುಪ್ಪೂರಿನಲ್ಲಿ ಜನಿಸಿದ ಟಿ. ಎಸ್. ಅವಿನಾಶಿಲಿಂಗಂ ಚೆಟ್ಟಿಯಾರ್. ಕೊಯಮತ್ತೂರಿನಲ್ಲಿ 1930ರಲ್ಲಿ ರಾಮಕೃಷ್ಣ ವಿದ್ಯಾಲಯವನ್ನು ಸ್ಥಾಪಿಸಿದ ಇವರು ಮದರಾಸು ಪ್ರಾಂತದ ವಿದ್ಯಾಮಂತ್ರಿಗಳಾಗಿದ್ದಾಗ, 1948ರಲ್ಲಿ ಸಾರ್ವಜನಿಕ ಗ್ರಂಥಾಲಯ ಶಾಸನವು ಅಂಗೀಕೃತವಾಯಿತು. ಸ್ವತಂತ್ರ ಭಾರತದಲ್ಲಿ ಇಂತಹ ಶಾಸನ ಇದೇ ಮೊದಲು. ಇದರಂತೆ ಜಿಲ್ಲೆಗೊಂದು ಸ್ಥಳೀಯ ಗ್ರಂಥಾಲಯ ಪ್ರಾಧಿಕಾರ ಏರ್ಪಟ್ಟಿತು. ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ 6 ಪೈ, ಅಂದರೆ ಅರ್ಧಾಣೆ, ಗ್ರಂಥಾಲಯ ಕರವೆಂದು ನಿಗದಿಯಾಯಿತು. ಮುಂದೆ ದರ ಹೆಚ್ಚಿತಾದರೂ ಪದ್ಧತಿ ಅದೇ ಉಳಿಯಿತು.

ಆಗ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಲ್ಲಿಯೇ ಇತ್ತು. 1956ರಲ್ಲಿ ಅದು ಮೈಸೂರು ರಾಜ್ಯಕ್ಕೆ ಸೇರಿತು. ಮೈಸೂರು ರಾಜ್ಯವು ತನ್ನದೇ ಗ್ರಂಥಾಲಯ ಶಾಸನವನ್ನು ಮಾಡಿದ್ದು 1965ರಲ್ಲಿ. ಹೀಗೆ ಕೊಳ್ಳೇಗಾಲದ ಕನ್ನಡಿಗರು ಇಂತಹ ಶಾಸನದ ವ್ಯಾಪ್ತಿಗೆ ಮೊದಲು ಒಳಪಟ್ಟದ್ದು ಕೊಯಮತ್ತೂರಿನ ಮೂಲಕ. ತಾಳವಾಡಿಯ ಕನ್ನಡಿಗರು ಮದರಾಸು ರಾಜ್ಯದಲ್ಲಿಯೇ ಉಳಿದರು. 1979ರಲ್ಲಿ ಈರೋಡು ಭಾಗವು ಬೇರೆ ಜಿಲ್ಲೆಯಾದಾಗ ಅವರು ಅತ್ತ ಸೇರಿದರು.

ಈ ಸೀಮೆಯಲ್ಲಿ ಉಳಿದಿರುವ ದೇವಾಂಗ ನೇಕಾರರ, ಒಕ್ಕಲಿಗರ ಎಷ್ಟೋ ಮನೆಗಳಲ್ಲಿ ಕನ್ನಡವು ಇಂದಿಗೂ ಮನೆಮಾತು. ಓದುಬರಹ ಮಾತ್ರ ತಮಿಳಿನಲ್ಲಿ. ಅನ್ನವಿತ್ತ ನಾಡಿನ ಭಾಷೆಯನ್ನು ಕಲಿಯುವುದು ಯೋಗ್ಯವೇ. ಆದರೆ ತಾಯ್ನುಡಿಯ ಲಿಪಿ ಕಣ್ಮರೆಯಾದರೆ ಅದು ನಮ್ಮದೇ ನಷ್ಟ. ಕಲಿತ ಅಕ್ಷರವೂ ಓದಲು ಪುಸ್ತಕವಿಲ್ಲದಿದ್ದರೆ ಬಹುಬೇಗ ಮಾಸಿಹೋಗುವುದೆಂಬುದು ಉಪಾಧ್ಯಾಯ ವೃತ್ತಿಯಲ್ಲಿ ನಾವು ಕಂಡುಕೊಂಡ ಸತ್ಯ.

ಆದುದರಿಂದ ಊರಿನ ನಾಲ್ಕು ಮನೆಯವರು ಕೂಡಿ ಗ್ರಂಥಾಲಯದ ಸದಸ್ಯರಾಗಬೇಕು. ಬೇಕಾದ ಕನ್ನಡ ಪುಸ್ತಕಗಳ ಪಟ್ಟಿಯೊಡನೆ ಗ್ರಂಥಪಾಲಕರಿಗೆ ಮನವಿ ಸಲ್ಲಿಸಬೇಕು. ಕೇಳುವವರಿಲ್ಲದ ಪುಸ್ತಕವನ್ನು ತರಿಸುವವರಿರಲಾರರು. ಬಂದ ಪುಸ್ತಕವನ್ನು ಮನೆಗೆ ಒಯ್ದು, ಮಕ್ಕಳಿಂದ ಗಟ್ಟಿಯಾಗಿ ಓದಿಸಿ, ಹೊತ್ತಿಗೆ ಸರಿಯಾಗಿ ಹಿಂದಿರುಗಿಸಬೇಕು. ಕರ ಕಟ್ಟಿರುವ ನಮಗೆ ಕೇಳುವ ಹಕ್ಕಿದೆ. ಓದಿ ಉಳಿಸುವ ಹೊಣೆಯೂ ನಮ್ಮದೇ.