ಮೂಕಾಸುರನ ಜಾಡು ಹಿಡಿದು

ಶಿವಮೊಗ್ಗದ ವಿದ್ಯಾನಗರದಿಂದ ನಸುಕಿಗೇ ಹೊರಟು ಆಯನೂರು, ರಿಪ್ಪನ್‌ಪೇಟೆ, ಹೊಸನಗರ ದಾಟಿ ನಿಟ್ಟೂರಿನಲ್ಲಿ ಜೀಪು ಹತ್ತಿದರೆ ಮಧ್ಯಾಹ್ನದೊಳಗೆ ಕೊಡಚಾದ್ರಿ ಸಿಗುತ್ತದೆ. ಹೋಗುವವರಲ್ಲಿ ಹೆಚ್ಚಿನವರಿಗೆ ಬೇಕಾದದ್ದು 1,343 ಮೀಟರ್ ಎತ್ತರದ ಬೆಟ್ಟದ ಸೂರ್ಯಾಸ್ತ, ಸರ್ವಜ್ಞ ಪೀಠದ ಕಲ್ಲುಮಂಟಪದ ಮುಂದೆ ಒಂದು ಫೋಟೊ. ಕೆಳಗೆ, ಮೂಲ ಮೂಕಾಂಬಿಕೆಯ ಗುಡಿಯೆದುರು ನಿಂತ ಕಬ್ಬಿಣದ ಕಂಬವನ್ನು ನಿಂತು ನೋಡುವವರು ಕಡಿಮೆ.

ದೇವಿ ಮೂಕಾಸುರನನ್ನು ಕೊಂದ ತ್ರಿಶೂಲ ಇದು ಎಂಬುದು ನಂಬಿಕೆ. ಪರೀಕ್ಷಿಸಿದ ಲೋಹತಜ್ಞರು ಹೇಳುವುದು ಬೇರೆ: ಇದ್ದಿಲಿನ ಕುಲುಮೆಯಲ್ಲಿ ಅದಿರು ಕಾಸಿ, ಬಡಿದು ತೆಗೆದ ಹಳೆಯ ಪದ್ಧತಿಯ ಕಬ್ಬಿಣ. ವರ್ಷದಲ್ಲಿ ನಾಲ್ಕೈದು ತಿಂಗಳು ಮಳೆ ಜಡಿಯುವ ಈ ನೆತ್ತಿಯಲ್ಲಿ ಅದು ಇನ್ನೂ ನೆಟ್ಟಗಿದೆ. 1923ರಲ್ಲಿ ಭದ್ರಾವತಿಯ ಕಾರ್ಖಾನೆ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸತೊಡಗಿದಾಗಲೂ ಉರಿದದ್ದು ಕಾಡಿನ ಇದ್ದಿಲೇ. ಕಬ್ಬಿಣದ ಕೆಲಸ ಮಲೆನಾಡಿಗೆ ವಿಶ್ವೇಶ್ವರಯ್ಯನವರಿಗಿಂತ ಬಹಳ ಹಿಂದಿನದು.

ಇನ್ನು ಕಥೆ. ಕೌಮಾಸುರ ಶಿವನನ್ನು ಕುರಿತು ಘೋರ ತಪಸ್ಸು ಮಾಡಿದ. ಶಿವ ಪ್ರತ್ಯಕ್ಷನಾದ, ವರ ಕೇಳಬೇಕೆನ್ನುವಷ್ಟರಲ್ಲಿ ದೇವಿ ಅವನ ಮಾತನ್ನೇ ಕಸಿದಳು. ಮೂಕನಾದವನು ರೊಚ್ಚಿಗೆದ್ದ, ಯುದ್ಧವಾಯಿತು, ಸತ್ತ. ನನಗಂತೂ ಇಲ್ಲಿ ಅಸುರನ ಮೇಲೆ ಕೊಂಚ ಮರುಕವೇ. ಕೇಳದ ವರಕ್ಕೆ ಶಿಕ್ಷೆ ಅನುಭವಿಸಿದವನು ಆತ.

ಜಪಾನಿನಲ್ಲೂ ಇಂಥವನೊಬ್ಬನಿದ್ದಾನೆ. ಕ್ಯೋಟೊ ಪ್ರಾಂತ್ಯದ ಓಎ ಬೆಟ್ಟದ ರಾಕ್ಷಸ ಶುತೆನ್ ದೋಜಿ. ಯೋಧ ಮಿನಾಮೊತೊ ನೊ ರಾಯ್ಕೊ ಸನ್ಯಾಸಿಯ ವೇಷದಲ್ಲಿ ಬಂದು, ಮದ್ಯ ಕುಡಿಸಿ, ಮತ್ತೇರಿದವನ ತಲೆ ಕಡಿದ. ಸಾಯುವಾಗ ರಾಕ್ಷಸ ಆ ಮೋಸವನ್ನೇ ಹಳಿದನಂತೆ. ಆ ಬೆಟ್ಟವೂ ಅದಿರಿನದೇ. ಅಲ್ಲಿಯ ಹಳೆಯ ತಾಮ್ರದ ಗಣಿಯ ಜಾಗದಲ್ಲಿ 1993ರಿಂದ ರಾಕ್ಷಸರದೇ ಒಂದು ಮ್ಯೂಸಿಯಂ ನಡೆಯುತ್ತಿದೆ.

ನಮ್ಮಲ್ಲಿ ಮ್ಯೂಸಿಯಂ ಇಲ್ಲ, ಗುಡಿಯಿದೆ. ಘಾಟಿ ಇಳಿದು ಕೊಲ್ಲೂರಿನಿಂದ ಕುಂದಾಪುರದ ಕಡೆ ಹೋದರೆ ಮಾರಣಕಟ್ಟೆ. ಅಸುರನ ಮಾರಣ ಆದದ್ದು ಇಲ್ಲೇ. ಸಾಯುವ ಮುನ್ನ ದೇವಿಯ ಅನುಗ್ರಹ ಪಡೆದು ಅವನೇ ಬ್ರಹ್ಮಲಿಂಗೇಶ್ವರನಾಗಿ ನೆಲೆನಿಂತ ಎಂಬ ನಂಬಿಕೆ ಕುಂದಾಪುರ ಸೀಮೆಯಲ್ಲಿದೆ. ಅಂತೂ ವರ ಸಿಕ್ಕಿತು, ತಡವಾಗಿ. ಹೋಗುವುದಾದರೆ ಮಕರ ಸಂಕ್ರಾಂತಿಯ ಜಾತ್ರೆಗೇ ಹೋಗಬೇಕು. ಹೆಮ್ಮಾಡಿಯ ರೈತರು ಈ ಜಾತ್ರೆಯ ಲೆಕ್ಕ ಹಿಡಿದೇ ಸೇವಂತಿಗೆ ಗಿಡ ನೆಡುತ್ತಾರೆ. ಅರಳಿದ ಪುಟ್ಟ ಹಳದಿ ಹೂವು ಬುಟ್ಟಿ ಬುಟ್ಟಿಯಾಗಿ ಗುಡಿ ಸೇರುತ್ತದೆ. ಬ್ರಹ್ಮಲಿಂಗೇಶ್ವರನ ಹೆಸರಿನ ಯಕ್ಷಗಾನ ಮೇಳವೂ ಇಲ್ಲಿಯದೇ. ತಿರುಗಾಟದ ತಿಂಗಳುಗಳಲ್ಲಿ ಹರಕೆ ಹೊತ್ತವರ ಊರೂರಿಗೆ ಹೋಗಿ ಬೆಳಗಿನವರೆಗೆ ಆಟ ಆಡುತ್ತದೆ.