ತಾರೆಯನ್ನು ಬಿಟ್ಟುಕೊಟ್ಟ ಗೂಳಿಗಳು

2021ರ ಡಿಸೆಂಬರ್ 22ರಿಂದ ಎರಡು ತಿಂಗಳ ಕಾಲ ವೈಟ್‌ಫೀಲ್ಡಿನ ಶೆರಟನ್ ಹೋಟೆಲು ಕಬಡ್ಡಿಯ ರಣರಂಗವಾಗಿತ್ತು. ಕೊರೋನಾದ ಭೀತಿಯಿಂದ ಪ್ರೊ ಕಬಡ್ಡಿಯ ಹನ್ನೆರಡು ತಂಡಗಳ ಸಮಸ್ತ ಪಂದ್ಯಗಳೂ ಅಲ್ಲಿನ ಸಭಾಂಗಣದಲ್ಲೇ, ಪ್ರೇಕ್ಷಕರಿಲ್ಲದೆ ನಡೆದವು. ಬೆಂಗಳೂರು ಬುಲ್ಸ್ ತಂಡದ ನಾಯಕ ಪವನ್ ಸೆಹ್ರಾವತ್ 304 ದಾಳಿ ಅಂಕಗಳನ್ನು ಗಳಿಸಿ ಎಲ್ಲರಿಗಿಂತ ಮುಂದಿದ್ದರು. ತಂಡವೂ ಸೆಮಿಫೈನಲ್ ತಲಪಿತು. 2019ರ ಜನವರಿಯ ಫೈನಲ್ಲಿನಲ್ಲಿ 22 ಅಂಕ ತಂದು ಪ್ರಶಸ್ತಿ ಗೆದ್ದುಕೊಟ್ಟವರೂ ಇವರೇ. ಇಂಥವರನ್ನು ಬುಲ್ಸ್ ಕೆಲವೇ ತಿಂಗಳುಗಳಲ್ಲಿ ಕೈಬಿಟ್ಟಿತು!

ಅಭಿಮಾನಿಗಳು ಹೌಹಾರಿದುದರಲ್ಲಿ ಆಶ್ಚರ್ಯವಿಲ್ಲ. 2022ರ ಆಗಸ್ಟಿನ ಹರಾಜಿನಲ್ಲಿ ತಮಿಳ್ ತಲೈವಾಸ್ ಪವನ್‌ರನ್ನು 2.26 ಕೋಟಿ ರೂಪಾಯಿಗೆ ಕೊಂಡಿತು. ಒಂದು ತಂಡ ಆಟಗಾರರಿಗಾಗಿ ವೆಚ್ಚ ಮಾಡಬಹುದಾಗಿದ್ದ ಒಟ್ಟು ಹಣವೇ 4.4 ಕೋಟಿ. ಅರ್ಧಕ್ಕೂ ಮಿಕ್ಕ ಹಣ ಒಬ್ಬನಿಗೆ ಹೋದರೆ ಉಳಿದವರ ಪಾಲಿಗೆ ಉಳಿಯುವುದೆಷ್ಟು? ಕಬಡ್ಡಿಯಲ್ಲಿ ಇನ್ನೊಂದು ತೊಡಕೂ ಉಂಟು. ಕ್ರಿಕೆಟ್ಟಿನ ದಾಂಡಿಗ ಔಟಾಗುವವರೆಗೆ ಅಂಕಣ ಬಿಡನು. ಇಲ್ಲಿ ದಾಳಿಗಾರ ಒಮ್ಮೆ ಸಿಕ್ಕಿಬಿದ್ದರೆ, ಜೊತೆಗಾರರು ಅಂಕ ಗಳಿಸಿ ಎಬ್ಬಿಸುವ ತನಕ ಹೊರಗೆ ಕುಳಿತು ನೋಡುತ್ತಿರಬೇಕು. ಒಬ್ಬನನ್ನೇ ನಂಬಿದ ತಂಡದಲ್ಲಿ ಆ ಎಬ್ಬಿಸುವ ಕೈಗಳು ಪಳಗುವುದೇ ಇಲ್ಲ.

ಮುಂದೆ ನಡೆದುದು ವಿಚಿತ್ರ. ತಲೈವಾಸ್ ಪರ ಆಡಿದ ಪ್ರಥಮ ಪಂದ್ಯದಲ್ಲೇ ಪವನ್ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಇಡೀ ಆವೃತ್ತಿಯಿಂದ ಹೊರಬಿದ್ದರು. ಅಂದರೆ ಮಾರಿದವರಿಗೂ ಅವರಿಲ್ಲ, ಕೊಂಡವರಿಗೂ ಇಲ್ಲ. ಆದರೂ ಎರಡೂ ತಂಡಗಳು ಸೆಮಿಫೈನಲ್ ಮುಟ್ಟಿದವು. ತಲೈವಾಸ್‌ಗೆ ಅದೇ ಮೊದಲ ಬಾರಿ! ಬುಲ್ಸ್‌ನಲ್ಲಿ ಅದುವರೆಗೆ ಪವನ್‌ರ ನೆರಳಿನಲ್ಲಿದ್ದ ಭರತ್ 279 ದಾಳಿ ಅಂಕಗಳನ್ನು ಕಲೆಹಾಕಿ ಆ ವರ್ಷದ ದಾಳಿಗಾರರಲ್ಲಿ ಎರಡನೆಯವರಾದರು. ನಾಯಕ ಇದ್ದಿದ್ದರೆ ಅಷ್ಟು ದಾಳಿಗಳು ಆ ಯುವಕನಿಗೆ ದೊರೆಯುತ್ತಿದ್ದುವೇ ಎಂಬುದು ಅನುಮಾನ.

ಹಾಗೆಂದು ತಾರೆಗಳನ್ನು ಮಾರಿದರೆ ತಂಡ ಉದ್ಧಾರವಾಗುವುದೆಂದು ಬಗೆಯುವಂತಿಲ್ಲ. ತಾರೆಯನ್ನು ಕೊಂಡರೂ ಅಷ್ಟೆ: 2023ರಲ್ಲಿ ಸುಮಾರು 2.6 ಕೋಟಿ ಸುರಿದು ಪವನ್‌ರನ್ನು ಪಡೆದ ತೆಲುಗು ಟೈಟನ್ಸ್ ಆ ಸಲ ಕಟ್ಟಕಡೆಯ ಸ್ಥಾನಕ್ಕಿಳಿಯಿತು. ಬಿಟ್ಟುಕೊಡುವವನ ಜಾಗಕ್ಕೆ ಮನೆಯಲ್ಲೇ ಒಬ್ಬ ಸಿದ್ಧನಾಗಿರಬೇಕು. 2022ರಲ್ಲಿ ಬುಲ್ಸ್‌ಗೆ ಭರತ್ ಇದ್ದರು. 2024ರಲ್ಲಿ ಆ ಭರತ್‌ರನ್ನೂ ಬಿಟ್ಟ ಬುಲ್ಸ್, ಪ್ರೊ ಕಬಡ್ಡಿಯಲ್ಲಿ ಎಲ್ಲರಿಗಿಂತ ಹೆಚ್ಚು ದಾಳಿ ಅಂಕ ಗಳಿಸಿದ್ದ ಪ್ರದೀಪ್ ನರ್ವಾಲ್‌ರನ್ನು 70 ಲಕ್ಷಕ್ಕೆ ತಂದಿತು. ಆ ವರ್ಷ ಹನ್ನೆರಡು ತಂಡಗಳಲ್ಲಿ ಬುಲ್ಸ್ ಹನ್ನೆರಡನೆಯದು. ಭರತ್‌ರನ್ನು 1.3 ಕೋಟಿಗೆ ಕೊಂಡ ಯು.ಪಿ. ಯೋಧಾಸ್ ಸೆಮಿಫೈನಲ್ಲಿಗೆ ಹೋಯಿತು.