ನಿಯಂತ್ರಕರ ನಿದ್ದೆ, ವಿಮಾನಗಳ ಸುರಕ್ಷತೆ

2006ರ ಆಗಸ್ಟ್ 27ರ ಬೆಳಗಿನ ಜಾವ. ಅಮೆರಿಕದ ಲೆಕ್ಸಿಂಗ್ಟನ್ ವಿಮಾನ ನಿಲ್ದಾಣದಲ್ಲಿ ಕಾಮ್‌ಏರ್ ವಿಮಾನವೊಂದು ತಪ್ಪಾಗಿ ಚಿಕ್ಕ ರನ್‌ವೇಯಲ್ಲಿ ಓಡಿ, ಮೇಲೇರಲಾಗದೆ ಅಪ್ಪಳಿಸಿತು. ಅದರಲ್ಲಿದ್ದ 50 ಜನರಲ್ಲಿ 49 ಮಂದಿ ಸತ್ತರು. ತಪ್ಪು ಪೈಲಟ್‌ಗಳದೆಂದು ತನಿಖೆ ತೀರ್ಮಾನಿಸಿತು. ಆದರೆ ಇನ್ನೊಂದು ಸಂಗತಿಯೂ ಹೊರಬಿತ್ತು. ಗೋಪುರದಲ್ಲಿ ಆಗ ಇದ್ದುದು ಒಬ್ಬರೇ ನಿಯಂತ್ರಕರು. ಹಗಲು ಪಾಳಿ ಮುಗಿಸಿ, ಒಂಬತ್ತು ಗಂಟೆ ಬಿಡುವಿನ ನಂತರ ಮತ್ತೆ ರಾತ್ರಿ ಪಾಳಿಗೆ ಬಂದಿದ್ದ ಅವರು ನಡುವೆ ನಿದ್ರಿಸಿದ್ದು ಸುಮಾರು ಎರಡೇ ಗಂಟೆ! ಹಾರಲು ಅನುಮತಿ ಕೊಟ್ಟು ಬೇರೊಂದು ಕೆಲಸದತ್ತ ತಿರುಗಿದ್ದರಿಂದ ವಿಮಾನ ಹಿಡಿದ ಹಾದಿಯನ್ನು ಅವರು ನೋಡಲಿಲ್ಲ.

ಒಂಬತ್ತು ಗಂಟೆ ಸಾಲದೇ? ಸಾಲದು. ಮನೆಗೆ ಹೋಗಿಬರುವುದು, ಸ್ನಾನ, ಊಟಗಳನ್ನು ಕಳೆದರೆ ಉಳಿಯುವುದೆಷ್ಟು? ಉಳಿದ ಹೊತ್ತಿನಲ್ಲಿ ನಿದ್ದೆ ಬರಬೇಕಲ್ಲ! ನಮ್ಮ ಮಿದುಳಿನಲ್ಲಿರುವ ಗಡಿಯಾರ ಸಂಜೆ ನಮ್ಮನ್ನು ಎಚ್ಚರವಾಗಿಡುತ್ತದೆ. ರಾತ್ರಿ ಎರಡರಿಂದ ಆರರವರೆಗೆ ನಿದ್ದೆಗೆ ಎಳೆಯುತ್ತದೆ. ಪಾಳಿಯ ಪಟ್ಟಿ ಬದಲಾದ ಮಾತ್ರಕ್ಕೆ ಅದು ಬದಲಾಗುವುದಿಲ್ಲ.

ದಣಿದಾಗ ಮೊದಲು ಕೈಕೊಡುವುದು ಗಮನ ಮತ್ತು ತಾತ್ಕಾಲಿಕ ನೆನಪು. ನಿಯಂತ್ರಕರ ಕೆಲಸ ನಿಂತಿರುವುದೇ ಇವುಗಳ ಮೇಲೆ. ಹೇಳಿದ ಎತ್ತರವನ್ನು ಪೈಲಟ್ ಮರಳಿ ಉಚ್ಚರಿಸುವಾಗ ಒಂದು ಅಂಕಿ ತಪ್ಪಾದರೆ ಅದನ್ನು ತಕ್ಷಣ ಹಿಡಿಯಬೇಕು. ದಣಿದ ಕಿವಿಗೆ ತಾನು ನಿರೀಕ್ಷಿಸಿದ್ದೇ ಕೇಳಿಸುವುದುಂಟು. ಸತತ 17 ಗಂಟೆ ಎಚ್ಚರವಿದ್ದವರ ಚುರುಕು, ರಕ್ತದಲ್ಲಿ ಶೇ. 0.05ರಷ್ಟು ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನ ತೋರಿಸಿತು. ಇಷ್ಟಾದರೂ 'ನನಗೇನೂ ಆಗಿಲ್ಲ' ಎಂದೇ ಅನ್ನಿಸುತ್ತದೆ. ದಣಿವಿನ ದೊಡ್ಡ ಅಪಾಯ ಇದೇ.

ಇದಕ್ಕೆ ಒತ್ತಡವೂ ಸೇರುತ್ತದೆ. ವಿಮಾನಗಳು ಒಟ್ಟೊಟ್ಟಿಗೆ ಬಂದಾಗ ಗಮನ ಒಂದೇ ಕಡೆ ನೆಟ್ಟು, ಪಕ್ಕದ್ದು ಕಾಣದೆ ಹೋಗಬಹುದು. ಪಾಳಿ ಮುಗಿದರೂ ಮನಸ್ಸು ತಣಿಯುವುದಿಲ್ಲ, ನಿದ್ದೆ ಹತ್ತುವುದಿಲ್ಲ. ಹಾಗೆಂದು ಕೆಲಸವಿಲ್ಲದ ರಾತ್ರಿ ಸುರಕ್ಷಿತವೆನ್ನುವಂತಿಲ್ಲ. 2011ರ ಮಾರ್ಚ್‌ನಲ್ಲಿ ವಾಷಿಂಗ್ಟನ್‌ನ ರೇಗನ್ ನಿಲ್ದಾಣದ ಗೋಪುರದಲ್ಲಿ ಸತತ ನಾಲ್ಕನೇ ರಾತ್ರಿ ಒಬ್ಬಂಟಿಯಾಗಿ ದುಡಿಯುತ್ತಿದ್ದ ಮೇಲ್ವಿಚಾರಕರು ನಿದ್ದೆಹೋದರು. ಎರಡು ವಿಮಾನಗಳು ಗೋಪುರದ ನೆರವಿಲ್ಲದೆಯೇ ಇಳಿದವು.

ಬೈಗುಳ, ಅಮಾನತುಗಳಿಂದ ನಿದ್ದೆ ತುಂಬಿಬರುವುದಿಲ್ಲ. ಪಾಳಿಯೇ ಬದಲಾಗಬೇಕು. ಅಮೆರಿಕ 2011ರಲ್ಲಿ ಪಾಳಿಗಳ ನಡುವಿನ ಕನಿಷ್ಠ ಬಿಡುವನ್ನು ಎಂಟರಿಂದ ಒಂಬತ್ತು ಗಂಟೆಗೆ ಏರಿಸಿತು. 2024ರಲ್ಲಿ ಹತ್ತು ಗಂಟೆ, ರಾತ್ರಿ ಪಾಳಿಗೆ ಮೊದಲು ಹನ್ನೆರಡು ಗಂಟೆ ಎಂದು ಪ್ರಕಟಿಸಿತು. ತಡವಾಯಿತೆಂದೇ ಹೇಳಬೇಕು.

ನಮ್ಮ ನರ್ಸ್‌ಗಳು, ಬಸ್ ಚಾಲಕರು, ಕಾರ್ಖಾನೆಯ ನೌಕರರ ದೇಹದ ಗಡಿಯಾರವೂ ಇಂಥದ್ದೇ. ರಾತ್ರಿ ಪಾಳಿಗೆ ಮೊದಲು ಮಧ್ಯಾಹ್ನ ಮಲಗಿ. ಬಿಡುವಿನಲ್ಲಿ ಇಪ್ಪತ್ತು ನಿಮಿಷದ ಕಿರುನಿದ್ದೆ ಒಳ್ಳೆಯದು. ಎದ್ದ ಕೂಡಲೇ ಮಂಪರು ಇರುವುದರಿಂದ ಸ್ವಲ್ಪ ಹೊತ್ತು ಬಿಟ್ಟು ಕೆಲಸ ಮುಟ್ಟಿ. ಪಾಳಿಯ ಕೊನೆಯ ತಾಸುಗಳಲ್ಲಿ ಕಾಫಿ ಬೇಡ. ಬೆಳಿಗ್ಗೆ ಮಲಗುವ ಕೋಣೆ ಕತ್ತಲಾಗಿರಲಿ, ಮನೆಯವರು ಟಿ.ವಿ. ಸದ್ದು ತಗ್ಗಿಸಲಿ.